ಕಾನೂನಿಗೂ ಮುನ್ನ ಆರಂಭವಾದ ಕಾಲೇಜು ಸಾಫ್ಟ್‌ಬಾಲ್ ಟೂರ್ನಿ

ಅಮೆರಿಕದ ಮಹಿಳಾ ಕಾಲೇಜು ತಂಡಗಳ ರಾಷ್ಟ್ರೀಯ ಸಾಫ್ಟ್‌ಬಾಲ್ ಚಾಂಪಿಯನ್‌ಷಿಪ್ ‘ವಿಮೆನ್ಸ್ ಕಾಲೇಜ್ ವರ್ಲ್ಡ್ ಸೀರೀಸ್’ ಎಂದೇ ಪ್ರಸಿದ್ಧ. 1969ರಲ್ಲಿ ನೆಬ್ರಾಸ್ಕ ರಾಜ್ಯದ ಒಮಾಹಾ ನಗರದಲ್ಲಿ ಇದು ಆರಂಭವಾಯಿತು. ಮೊದಲ ಮೂರು ವರ್ಷವೂ ಜಾನ್ ಎಫ್. ಕೆನಡಿ ಕಾಲೇಜು ಪ್ರಶಸ್ತಿ ಗೆದ್ದಿತು. ಶಿಕ್ಷಣ ಸಂಸ್ಥೆಗಳಲ್ಲಿ ಲಿಂಗ ತಾರತಮ್ಯವನ್ನು ನಿಷೇಧಿಸಿದ ‘ಟೈಟಲ್ 9’ ಕಾನೂನು ಬಂದದ್ದು ಆ ಬಳಿಕ, 1972ರಲ್ಲಿ.

ಮುಂದೆ ಮಹಿಳೆಯರೇ ಮುನ್ನಡೆಸುತ್ತಿದ್ದ ಎಐಎಡಬ್ಲ್ಯು ಸಂಸ್ಥೆ ಟೂರ್ನಿಗೆ ಆಸರೆಯಾಯಿತು. ದಶಕಗಳ ಕಾಲ ಪುರುಷರ ಕ್ರೀಡೆಗಳಿಗಷ್ಟೇ ಸೀಮಿತವಾಗಿದ್ದ ಎನ್‌ಸಿಎಎ, 1982ರಲ್ಲಿ ತನ್ನದೇ ಟೂರ್ನಿ ನಡೆಸಿತು; ಯುಸಿಎಲ್‌ಎ ಗೆದ್ದಿತು. ಪೈಪೋಟಿ ತಾಳಲಾರದೆ ಎಐಎಡಬ್ಲ್ಯು ಕಣ್ಮರೆಯಾಯಿತು. ಟೂರ್ನಿ ಉಳಿಯಿತು, ಅದನ್ನು ಬೆಳೆಸಿದ ಸಂಸ್ಥೆ ಉಳಿಯಲಿಲ್ಲ.

1990ರಲ್ಲಿ ಟೂರ್ನಿ ಓಕ್ಲಹಾಮ ಸಿಟಿಗೆ ಸ್ಥಳಾಂತರಗೊಂಡಿತು. ಓಕ್ಲಹಾಮ ವಿಶ್ವವಿದ್ಯಾಲಯ 2021ರಿಂದ 2024ರವರೆಗೆ ಸತತ ನಾಲ್ಕು ಬಾರಿ ಗೆದ್ದು ದಾಖಲೆ ಬರೆಯಿತು. 2025ರಲ್ಲಿ ಟೆಕ್ಸಾಸ್ ತನ್ನ ಚೊಚ್ಚಲ ಪ್ರಶಸ್ತಿ ಪಡೆಯಿತು.