ಹಿಮ ಬಾರದ ಚಿಲ್ಲೈ ಕಲಾನ್

ಕಾಶ್ಮೀರದ ಚಳಿಗಾಲಕ್ಕೆ ತನ್ನದೇ ಆದ ಪಂಚಾಂಗವಿದೆ. ಡಿಸೆಂಬರ್ 21ರಿಂದ 40 ದಿನಗಳ ಚಿಲ್ಲೈ ಕಲಾನ್, ಬಳಿಕ 20 ದಿನಗಳ ಚಿಲ್ಲೈ ಖುರ್ದ್, ಕೊನೆಯಲ್ಲಿ 10 ದಿನಗಳ ಚಿಲ್ಲೈ ಬಚ್ಚಾ. ಮೊದಲ ನಲವತ್ತು ದಿನಗಳ ಕೊರೆಯುವ ಚಳಿಯಲ್ಲಿ ಬಿದ್ದ ಹಿಮ ಗಟ್ಟಿಗೊಂಡು ಬೆಟ್ಟಗಳ ಮೇಲೆ ನಿಲ್ಲುತ್ತದೆ. ಬೇಸಿಗೆಯಲ್ಲಿ ಮೆಲ್ಲನೆ ಕರಗಿ ತೊರೆಗಳನ್ನೂ ಗದ್ದೆಗಳನ್ನೂ ತುಂಬುತ್ತದೆ. ತಡವಾಗಿ ಬಿದ್ದ ಹಿಮಕ್ಕೆ ಅಷ್ಟು ಆಯುಸ್ಸಿಲ್ಲ. 2024ರಲ್ಲಿ ಈ ನಲವತ್ತು ದಿನಗಳ ಬಹುಭಾಗ ಒಣಗಿಯೇ ಕಳೆಯಿತು. ಜನವರಿಯ ಕೊನೆಯವರೆಗೂ ಗುಲ್ಮಾರ್ಗಿನ ಇಳಿಜಾರುಗಳಲ್ಲಿ ಕಂದುಹುಲ್ಲೇ ಕಾಣುತ್ತಿತ್ತು. ಆ ಚಿತ್ರಗಳನ್ನು ಕಂಡ ನಮಗೆ, ಈ ಕಣಿವೆಯ ಹಳೆಯ ಗ್ರಂಥಗಳು ಹಿಮದ ವಿಷಯದಲ್ಲಿ ಏನು ಹೇಳುತ್ತವೆಂದು ನೋಡುವ ಮನಸ್ಸಾಯಿತು.

ನೀಲಮತ ಪುರಾಣದ ಪ್ರಕಾರ ಮೊದಮೊದಲು ಮನುಷ್ಯರು ಅಲ್ಲಿ ಆರು ತಿಂಗಳು ಮಾತ್ರ ವಾಸಿಸುತ್ತಿದ್ದರು. ಹಿಮ ಬೀಳುವ ಆರು ತಿಂಗಳು ಕಣಿವೆ ಪಿಶಾಚರ ಪಾಲು. ಚಂದ್ರದೇವನೆಂಬ ಮುದಿ ಬ್ರಾಹ್ಮಣನೊಬ್ಬ ಹೊರಹೋಗಲಾರದೆ ಉಳಿದು, ನಾಗರಾಜ ನೀಲನ ಕೃಪೆ ಪಡೆದ ಮೇಲೆಯೇ ವರ್ಷವಿಡೀ ನೆಲೆಸುವ ಹಕ್ಕು ಜನರಿಗೆ ದೊರೆಯಿತು. ಅದಕ್ಕೆ ಪ್ರತಿಯಾಗಿ ಅವರು ಆಚರಿಸಬೇಕಾದ ವ್ರತಗಳಲ್ಲಿ ಹೊಸ ಹಿಮ ಬಿದ್ದ ದಿನದ ಉತ್ಸವವೂ ಒಂದು. ಭಯಪಟ್ಟು ಬಿಟ್ಟುಹೋಗುತ್ತಿದ್ದ ಋತುವನ್ನು ಒಂದು ಸಮಾಜ ಹಬ್ಬವಾಗಿ ಮಾಡಿಕೊಂಡ ಬಗೆ ಇದು.

ಕಲ್ಹಣನ ರಾಜತರಂಗಿಣಿಯಲ್ಲಿ ಹಿಮ ಬೇರೊಂದು ರೂಪದಲ್ಲಿ ಬರುತ್ತದೆ. ತುಂಜೀನ ರಾಜನ ಕಾಲದಲ್ಲಿ, ಭತ್ತ ಮಾಗುತ್ತಿದ್ದ ಭಾದ್ರಪದದಲ್ಲಿ ಅಕಾಲ ಹಿಮ ಸುರಿದು ಬೆಳೆ ನಾಶವಾಯಿತು. ಘೋರ ಕ್ಷಾಮ ಬಂತು. ಹಿಮ ಎಷ್ಟು ಬಿತ್ತೆಂಬುದಕ್ಕಿಂತ ಯಾವಾಗ ಬಿತ್ತೆಂಬುದೇ ಜನರ ಅಳಿವು ಉಳಿವನ್ನು ನಿರ್ಧರಿಸುತ್ತದೆ ಎಂಬ ಅರಿವು ಆ ಕಥೆಯಲ್ಲಿದೆ. ಇಂದಿನ ಸಂಕಟವೂ ಸಮಯದ್ದೇ. ಆದರೆ ದಿಕ್ಕು ತಿರುಗಿದೆ. ಅಂದು ಬರಬಾರದಾಗ ಬಂದ ಹಿಮ ಇಂದು ಬರಬೇಕಾದಾಗ ಬರುತ್ತಿಲ್ಲ.

ಈ ಕಣಿವೆ ಕನ್ನಡಿಗರಾದ ನಮಗೆ ತೀರ ಪರಕೀಯವಲ್ಲ. ಕಲ್ಯಾಣದ ಆರನೆಯ ವಿಕ್ರಮಾದಿತ್ಯನ ಆಸ್ಥಾನದಲ್ಲಿ ವಿದ್ಯಾಪತಿಯಾಗಿದ್ದ ಬಿಲ್ಹಣ ಕಾಶ್ಮೀರದವನು. ಚಾಲುಕ್ಯ ದೊರೆಯ ಚರಿತೆಯನ್ನು ಬರೆದು ಮುಗಿಸುವಾಗ, ಕೊನೆಯ ಸರ್ಗವನ್ನು ಅವನು ತನ್ನ ತಾಯ್ನಾಡಿಗೇ ಮೀಸಲಿಟ್ಟ. ಅತ್ತ ಕಾಶ್ಮೀರದ ಹರ್ಷರಾಜ ಕರ್ಣಾಟದ ಮಾದರಿಯ ನಾಣ್ಯಗಳನ್ನು ಟಂಕಿಸಿದನೆಂದು ಕಲ್ಹಣ ದಾಖಲಿಸುತ್ತಾನೆ. ಊರು ಬಿಟ್ಟು ದೂರದಲ್ಲಿ ಬಾಳುವ ನಮಗೆ ಬಿಲ್ಹಣನ ಆ ಕೊನೆಯ ಸರ್ಗ ಚೆನ್ನಾಗಿಯೇ ಅರ್ಥವಾಗುತ್ತದೆ.

ಹೊಂದಿಕೊಳ್ಳುವುದು ಕಾಶ್ಮೀರಕ್ಕೆ ಹೊಸದಲ್ಲ. ಕಾಂಗ್ಡಿ, ಫೆರನ್, ಬೇಸಿಗೆಯಲ್ಲೇ ಒಣಗಿಸಿಡುವ ತರಕಾರಿಗಳು, ಇವೆಲ್ಲ ಹಿಮದೊಡನೆ ಮಾಡಿಕೊಂಡ ಒಪ್ಪಂದಗಳು. 9ನೆಯ ಶತಮಾನದಲ್ಲಿ ಅವಂತಿವರ್ಮನ ಕಾಲದ ಸುಯ್ಯ ವಿತಸ್ತೆಯ ಪ್ರವಾಹವನ್ನು ಪಳಗಿಸಿ ಕಾಲುವೆಗಳನ್ನು ಹರಿಸಿದಾಗ, ಒಂದು ಖಾರಿ ಭತ್ತದ ಬೆಲೆ 200 ದೀನಾರಗಳಿಂದ 36ಕ್ಕೆ ಇಳಿಯಿತೆನ್ನುತ್ತಾನೆ ಕಲ್ಹಣ. ಆದರೆ ಸುಯ್ಯನ ಮುಂದಿದ್ದುದು ಮಿತಿಮೀರಿದ ನೀರು. ಇಲ್ಲದ ನೀರಿಗೆ ಕಾಲುವೆ ತೋಡಿ ಫಲವಿಲ್ಲ.

2025ರ ಫೆಬ್ರವರಿಯಲ್ಲಿ ಮೊಘಲರ ಉದ್ಯಾನಕ್ಕೆ ಹೆಸರಾದ ಅಚಬಲ್‌ನ ಚಿಲುಮೆ ಬತ್ತಿತು. ಅದೇ ತಿಂಗಳು ಗುಲ್ಮಾರ್ಗಿನಲ್ಲಿ ನಡೆಯಬೇಕಿದ್ದ ಚಳಿಗಾಲದ ಕ್ರೀಡಾಕೂಟ ಹಿಮದ ಕೊರತೆಯಿಂದ ಮಾರ್ಚಿಗೆ ಮುಂದೆ ಹೋಯಿತು. ಕ್ರೀಡಾಕೂಟವನ್ನು ಮುಂದೂಡಬಹುದು, ಭತ್ತದ ನಾಟಿಯನ್ನು ಹಾಗೆ ಮುಂದೂಡಲಾಗದು. ಚಳಿಗಾಲ ಬೆಚ್ಚಗಾದರೆ ಹಣ್ಣಿನ ಮರಗಳು ಅವಸರದಿಂದ ಹೂ ಬಿಟ್ಟು, ಬಳಿಕ ಬರುವ ಹಿಮಗಡ್ಡೆಯ ಇಬ್ಬನಿಗೆ ಸಿಕ್ಕಿ ಸುಟ್ಟುಹೋಗುವ ಭಯವೂ ಇದೆ.

ಬಿಸಿಲಿನ ಜನವರಿಯನ್ನು ಪ್ರವಾಸಿ ಸೊಗಸೆಂದುಕೊಂಡಾನು. ಬಯಲುಸೀಮೆಯಲ್ಲಿ ಮಳೆಗಾಲದ ನಿರಭ್ರ ಆಕಾಶವನ್ನು ನೋಡಿ ಬೆಳೆದ ನಮ್ಮಲ್ಲಿ ಹಲವರಿಗೆ ಅದು ಹಾಗೆ ಕಾಣಲಾರದು. ಆಷಾಢ ಕಳೆದರೂ ಮೋಡ ಕಟ್ಟದ ವರ್ಷ ನಮ್ಮ ಹಿರಿಯರು ಮುಗಿಲು ನೋಡುತ್ತಿದ್ದಂತೆಯೇ ಅಲ್ಲಿನ ರೈತ ಇಂದು ಪೀರ್ ಪಂಜಾಲಿನ ಶಿಖರಗಳನ್ನು ನೋಡುತ್ತಾನೆ.