ಎತ್ತಿನ ಹಲ್ಲು, ಗೇರಿನ ಹಲ್ಲು

ಹೊಳಲ್ಕೆರೆ ತಾಲೂಕಿನ ತಾಳ್ಯ ಹೋಬಳಿಯಂಥ ಸೀಮೆಯಲ್ಲಿ ಹಳೆಯ ಮೋಟಾರನ್ನು ಮಾರುವ ವಿದ್ಯೆ ಮೋಟಾರಿನೊಡನೆ ಬಂದುದಲ್ಲ. ದನದ ಜಾತ್ರೆಯಿಂದ ಬಂದುದು. ಎತ್ತಿನ ಬಾಯಿ ಬಿಡಿಸಿ ಹಲ್ಲೆಣಿಸಿ, ಮೈಮೇಲಿನ ಸುಳಿಗಳ ಶುಭಾಶುಭಗಳನ್ನು ವಿಚಾರಿಸಿ, ನಾಲ್ಕು ಹೆಜ್ಜೆ ನಡೆಸಿ ನೋಡಿ, ಕಡೆಗೆ ವಲ್ಲಿಯ ಮರೆಯಲ್ಲಿ ಬೆರಳು ಹಿಡಿದು ಮೂಕವಾಗಿಯೇ ದರವನ್ನು ನಿಶ್ಚಯಿಸುತ್ತಿದ್ದ ದಲ್ಲಾಳಿಗಳ ಪರಂಪರೆಯೇ, ಕಾಲಾಂತರದಲ್ಲಿ, ಬಾನೆಟ್ಟನ್ನೆತ್ತಿ ಎಂಜಿನ್ನಿನ ಉಸಿರಿಗೆ ಕಿವಿಗೊಟ್ಟು ಗೇರಿನ ಹಲ್ಲು ಸವೆದಿದೆಯೇ ಎಂದು ಶಬ್ದಮಾತ್ರದಿಂದ ಹೇಳಬಲ್ಲ ಮಂದಿಯಾಗಿ ಮುಂದುವರಿಯಿತೆನ್ನಬೇಕು.

ಆ ಮೋಟಾರುಗಳಾದರೋ ಪರದೇಶದವು. ಅಮೆರಿಕದ ಜನರಲ್ ಮೋಟಾರ್ಸ್ ಕಂಪನಿಯು 1928ರಲ್ಲಿ ಮುಂಬಯಿಯಲ್ಲಿ ಜೋಡಣೆಯ ಕಾರ್ಖಾನೆಯನ್ನು ತೆರೆದ ಬಳಿಕ, ಬಿಡಿಭಾಗಗಳಾಗಿ ಹಡಗಿಳಿದ ಷೆವ್ರೊಲೆ ಗಾಡಿಗಳು ಅಲ್ಲಿ ಆಕಾರ ತಳೆದು ದಕ್ಷಿಣದ ರಸ್ತೆಗಳಿಗೂ ಬಂದವು. ಸರಕಿನ ಗಾಡಿ ಅನೇಕ ವೇಳೆ ಬರಿಯ ಚಾಸಿಯಾಗಿಯೇ ಬರುತ್ತಿದ್ದುದರಿಂದ ಅದರ ಮೇಲೆ ಮರದ ಬಾಡಿಯನ್ನು ಕಟ್ಟುವ ಕೆಲಸ ನಮ್ಮ ಬಡಗಿ ಕಮ್ಮಾರರ ಪಾಲಿಗೆ ಉಳಿಯಿತು. ನೊಗಕ್ಕೂ ಮೂಕಿಗೂ ಪಳಗಿದ ಕೈ ಲಾರಿಯ ಹಿಂಬಾಗಿಲಿಗೆ ಕೀಲು ಕೂರಿಸಿತು. ದೇಶದಲ್ಲಿಯೇ ಮೋಟಾರು ತಯಾರಾಗಬೇಕೆಂದು 1930ರ ದಶಕದಲ್ಲಿ ವಿಶ್ವೇಶ್ವರಯ್ಯನವರು ಪರದೇಶಗಳನ್ನು ಸುತ್ತಿ ಯೋಜನೆಯನ್ನು ಸಿದ್ಧಪಡಿಸಿದರಾದರೂ ಬ್ರಿಟಿಷ್ ಸರ್ಕಾರದ ಔದಾಸೀನ್ಯದ ಮುಂದೆ ಅದು ಅಂದು ಫಲಿಸಲಿಲ್ಲ. ಅದೇ ಆಕಾಂಕ್ಷೆಯನ್ನು ಹೊತ್ತಿದ್ದ ಉದ್ಯಮಿ ವಾಲಚಂದ್ ಹೀರಾಚಂದರು 1940ರಲ್ಲಿ ಮೈಸೂರು ಸಂಸ್ಥಾನದ ನೆರವಿನಿಂದ ಬೆಂಗಳೂರಿನಲ್ಲಿ ಸ್ಥಾಪಿಸಿದುದು ವಿಮಾನದ ಕಾರ್ಖಾನೆಯನ್ನು. ಮೋಟಾರಿಗಾಗಿ 1944ರಲ್ಲಿ ಹುಟ್ಟಿದ ಅವರ ಪ್ರೀಮಿಯರ್ ಸಂಸ್ಥೆ ಮುಂಬಯಿಗೆ ಸೇರಿತು. ನೆಲದ ಮೇಲೆ ಓಡುವುದನ್ನು ಕೇಳಿದವರಿಗೆ ಆಕಾಶದಲ್ಲಿ ಹಾರುವುದು ದಕ್ಕಿತು! ಪ್ರೀಮಿಯರಿನ ಡಾಜ್, ಫಾರ್ಗೊ ಲಾರಿಗಳೂ, ಯುದ್ಧ ಮುಗಿದ ಮೇಲೆ ಸೈನ್ಯ ವಿಲೇವಾರಿ ಮಾಡಿದ ಗಾಡಿಗಳೂ, ಮಹೀಂದ್ರದವರು ಜೋಡಿಸತೊಡಗಿದ ವಿಲ್ಲಿಸ್ ಜೀಪುಗಳೂ ಆಮೇಲಿನ ತಲೆಮಾರು.

1950ರ ದಶಕದಲ್ಲಿ, ಜೋಡಣೆಯಷ್ಟರಿಂದಲೇ ತೃಪ್ತರಾದ ಪರದೇಶೀ ಕಂಪನಿಗಳಿಗೆ ಸರ್ಕಾರವು ಬಾಗಿಲು ಮುಚ್ಚಿದಾಗ, ಷೆವ್ರೊಲೆ ಫೋರ್ಡುಗಳ ಬಿಡಿಭಾಗಗಳು ದುರ್ಲಭವಾದವು. ಮೂಲದ ಪೆಟ್ರೋಲ್ ಎಂಜಿನ್ನನ್ನು ಕಿತ್ತು ಮದರಾಸಿನ ಸಿಂಪ್ಸನ್ ಕಂಪನಿಯವರು ತಯಾರಿಸುತ್ತಿದ್ದ ಪರ್ಕಿನ್ಸ್ ಡೀಸೆಲ್ ಎಂಜಿನ್ನನ್ನು ಕೂರಿಸುವುದು, ಒಂದರ ಆಕ್ಸಲನ್ನು ಇನ್ನೊಂದಕ್ಕೆ ಹೊಂದಿಸುವುದು, ಗುಜರಿಯಿಂದ ತಂದುದನ್ನು ಲೇತಿಗೆ ಕೊಟ್ಟು ಕಡೆಯಿಸುವುದು ಗ್ಯಾರೇಜಿನವರ ನಿತ್ಯವಿಧಿಯಾಯಿತು. ಮಾರುವವನು ಈ ಬದಲಾವಣೆಯನ್ನು ಮರೆಮಾಚುತ್ತಿರಲಿಲ್ಲ. “ಡೀಸೆಲ್ ಕೂರಿಸಿದೀನಿ, ನೋಡಿ ಯಜಮಾನ್ರೆ” ಎಂಬುದೇ ಅವನ ಹೆಮ್ಮೆ, ಅದೇ ಹೆಚ್ಚಿನ ಬೆಲೆಗೆ ಆಧಾರ. ತೋಟದ ಅಡಿಕೆಯನ್ನು ಭೀಮಸಮುದ್ರದ ಪೇಟೆಗೋ ಚಿಕ್ಕಜಾಜೂರಿನ ರೈಲಿಗೋ ಮುಟ್ಟಿಸಬೇಕಾದವನಿಗೆ ಗಾಡಿ ಹುಟ್ಟಿದ ರೂಪದಲ್ಲಿಯೇ ಇದೆಯೇ ಎಂಬ ಪ್ರಶ್ನೆ ಹೊಳೆಯುವುದಾದರೂ ಹೇಗೆ?

ಈಗ ಆ ಲೆಕ್ಕವೇ ತಲೆಕೆಳಗಾಗಿದೆ. 2021ರಲ್ಲಿ ಕೇಂದ್ರ ಸರ್ಕಾರವು ಮೋಟಾರು ವಾಹನ ನಿಯಮಗಳಿಗೆ ಮಾಡಿದ ತಿದ್ದುಪಡಿಯ ಮೇರೆಗೆ, ಮೊದಲ ನೋಂದಣಿಯಿಂದ 50 ವರ್ಷ ಮೀರಿದ, ಸ್ವಂತ ಬಳಕೆಯ, ಚಾಸಿ ಬಾಡಿ ಎಂಜಿನ್ನುಗಳಲ್ಲಿ ಗಣನೀಯ ಮಾರ್ಪಾಡಾಗದ ವಾಹನಕ್ಕೆ ಮಾತ್ರ ‘ವಿಂಟೇಜ್’ ಎಂಬ ಗೌರವ; ಹೊಸ ನೋಂದಣಿಗೆ ಶುಲ್ಕ 20,000 ರೂಪಾಯಿ, ಅವಧಿ 10 ವರ್ಷ, ಸಂಖ್ಯಾಫಲಕದಲ್ಲಿ ‘ವಿಎ’ ಎಂಬ ಅಕ್ಷರಗಳು. ಪೂರ್ವದಲ್ಲಿ ಯಾವ ಡೀಸೆಲ್ ಎಂಜಿನ್ನು ಗಾಡಿಯ ಪ್ರಾಣವನ್ನುಳಿಸಿತೋ ಅದೇ ಇಂದು ಅದರ ಕಳಂಕ. ಗಾಡಿಯನ್ನು ದುಡಿಸಿ ಉಳಿಸಿಕೊಂಡವನಿಗಿಂತ ಕೊಟ್ಟಿಗೆಯಲ್ಲಿ ಮರೆತು ಬಿಟ್ಟವನೇ ಭಾಗ್ಯವಂತನಾದನಲ್ಲ ಎಂದು ನನಗೆ ಕೊಂಚ ಅಸಮಾಧಾನವೂ ಉಂಟು.

ಆದುದರಿಂದ ಜೀರ್ಣೋದ್ಧಾರಗೊಂಡ ಹಳೆಯ ಗಾಡಿಯನ್ನು ಇಂದು ಕೊಳ್ಳಬಂದವನು ಎಷ್ಟು ಮೂಟೆ ಹೊರುತ್ತದೆಂದು ಕೇಳುವುದಿಲ್ಲ. ಆರ್‌ಸಿ ಪುಸ್ತಕವನ್ನು ಕೈಯಲ್ಲಿ ಹಿಡಿದು, ಚಾಸಿಯ ಮೇಲೆ ಕೊರೆದ ಸಂಖ್ಯೆಯ ತುಕ್ಕನ್ನು ಉಗುರಿನಿಂದ ಕೆರೆದು, ಒಂದೊಂದೇ ಅಂಕಿಯನ್ನು ತಾಳೆ ನೋಡುತ್ತಾನೆ, ಹಲ್ಲೆಣಿಸುವವನ ಅದೇ ಏಕಾಗ್ರತೆಯಿಂದ. ವಿಂಟೇಜ್ ಎಂದು ನೋಂದಾಯಿತವಾದುದಾದರೆ ಮಾರಾಟದ ವಿಷಯವನ್ನು ಇಬ್ಬರೂ 90 ದಿನಗಳೊಳಗೆ ಸಾರಿಗೆ ಅಧಿಕಾರಿಗಳಿಗೆ ತಿಳಿಸಬೇಕು. ಪ್ರದರ್ಶನಕ್ಕೋ ರ್‍ಯಾಲಿಗೋ ಇಂಧನಕ್ಕೋ ದುರಸ್ತಿಗೋ ಗಾಡಿ ಬೀದಿಗಿಳಿಯಬಹುದು. ಬಾಡಿಗೆಗೆಂದು ಒಂದು ಮೂಟೆ ಅಡಿಕೆಯನ್ನೂ ಹೊರುವಂತಿಲ್ಲ.