ಪ್ರಮಾಣ ವಿಚಾರ: ಆತಕೂರಿನ ಕಲ್ಲಿನಿಂದ ಬಂಡೂರಿನ ಕುರಿಯವರೆಗೆ

ಅರಿಯುವ ಕ್ರಿಯೆಯಲ್ಲಿ ನಾಲ್ಕು ಅಂಗಗಳಿವೆಯೆಂದು ನಮ್ಮ ಪ್ರಾಚೀನ ತಾರ್ಕಿಕರು ಹೇಳಿದರು. ಅರಿಯುವವನು ಪ್ರಮಾತೃ, ಅರಿಯಲ್ಪಡುವುದು ಪ್ರಮೇಯ, ಅರಿವಿನ ಸಾಧನವು ಪ್ರಮಾಣ, ಅದರಿಂದ ದೊರೆತ ಅರಿವು ಪ್ರಮಿತಿ. ಶಾಸನ, ಓಲೆಗರಿ, ಹೊಳೆ, ಪಶು, ಇವುಗಳಲ್ಲಿ ಯಾವುದನ್ನು ಕುರಿತು ಸಂಶೋಧನೆ ನಡೆಸಿದರೂ ಈ ನಾಲ್ಕರ ಸಂಬಂಧವನ್ನು ವಿಚಾರಿಸದೆ ಮುಂದುವರಿಯುವಂತಿಲ್ಲ. ಸಾಧನವು ನಿರ್ದುಷ್ಟವಾಗಿದ್ದರೂ ಅದನ್ನು ಸಲ್ಲದ ಪ್ರಮೇಯಕ್ಕೆ ಹಚ್ಚಿದರೆ ದೊರೆತ ಅಂಕಿ ಸರಿಯಾಗಿರುತ್ತದೆ, ಅದರಿಂದ ಹೊರಡುವ ನಿರ್ಣಯ ಮಾತ್ರ ತಪ್ಪಾಗುತ್ತದೆ. ಮಂಡ್ಯ ಜಿಲ್ಲೆಯ ಮದ್ದೂರು ಮತ್ತು ಮಳವಳ್ಳಿ ತಾಲ್ಲೂಕುಗಳ ಪರಿಮಿತಿಯಲ್ಲಿಯೇ ಇದಕ್ಕೆ ಉತ್ತಮ ನಿದರ್ಶನಗಳು ದೊರೆಯುತ್ತವೆ. ಅವುಗಳಲ್ಲಿ ಮಳವಳ್ಳಿ ತಾಲ್ಲೂಕಿನ ಬಂಡೂರು ಗ್ರಾಮದ ಕುರಿಯ ತಳಿಗೆ ಸಂಬಂಧಿಸಿದ ಪ್ರಶ್ನೆ ಇಂದಿಗೂ ಜೀವಂತವಾದುದು. ಅದಕ್ಕೆ ಬರುವ ಮುನ್ನ ಬೇರೆ ಮೂರು ಕ್ಷೇತ್ರಗಳ ಅಳತೆಯ ಕ್ರಮವನ್ನು ನೋಡುವುದು ಉಚಿತ.

ಮೊದಲನೆಯದು ಶಾಸನ. ಮದ್ದೂರು ತಾಲ್ಲೂಕಿನ ಆತಕೂರಿನಲ್ಲಿ ದೊರೆತು, ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿರುವ ವೀರಗಲ್ಲು ಪ್ರಸಿದ್ಧವಾದುದು. ಹಂದಿಯೊಡನೆ ಹೋರಾಡಿ ಮಡಿದ ಕಾಳಿ ಎಂಬ ಬೇಟೆನಾಯಿಯ ಸ್ಮಾರಕವದು. ಚೋಳ ರಾಜಾದಿತ್ಯನು ತಕ್ಕೋಲದ ಯುದ್ಧದಲ್ಲಿ ಮಡಿದ ಸಂಗತಿಗೂ ಅದೇ ಕಲ್ಲು ಆಧಾರ. ಅದರ ಕಾಲನಿರ್ಣಯ ಹೇಗಾಯಿತು? ಲಿಪಿಯ ಸ್ವರೂಪವು ಶತಮಾನವನ್ನು ಸೂಚಿಸಬಲ್ಲದೇ ಹೊರತು ವರ್ಷವನ್ನಲ್ಲ. ಶಾಸನವು ಶಕವರ್ಷ 872 ಎಂದೂ ಸೌಮ್ಯ ಸಂವತ್ಸರ ಎಂದೂ ಹೇಳುತ್ತದೆ. 872ಕ್ಕೆ 78ನ್ನು ಕೂಡಿಸಿದರೆ ಕ್ರಿ.ಶ. 950 ಬರುತ್ತದೆ, ಸೌಮ್ಯ ಸಂವತ್ಸರವಾದರೋ 949ರಲ್ಲಿಯೇ ಆರಂಭವಾಗುತ್ತದೆ. ಎರಡನ್ನೂ ಹೊಂದಿಸಿ ನೋಡಿದಾಗ, ಅಲ್ಲಿಯ 872 ಕಳೆದುಹೋದ ವರ್ಷಗಳ ಎಣಿಕೆಯಲ್ಲ, ಆಗ ನಡೆಯುತ್ತಿದ್ದ ವರ್ಷದ ಎಣಿಕೆ ಎಂದು ತಿಳಿಯುತ್ತದೆ. ಆದ್ದರಿಂದ ಕಾಲ 949–50. ಒಂದನ್ನೊಂದು ಅವಲಂಬಿಸದ ಎರಡು ಅಳತೆಗಳಿದ್ದುದರಿಂದಲೇ ಒಂದರ ಸಂದಿಗ್ಧತೆಯನ್ನು ಇನ್ನೊಂದು ಪರಿಹರಿಸಿತು.

ಎರಡನೆಯದು ಗ್ರಂಥಸಂಪಾದನೆ. ಫ. ಗು. ಹಳಕಟ್ಟಿಯವರು ಓಲೆಗರಿಗಳನ್ನು ಹುಡುಕಿ ಸಂಗ್ರಹಿಸಿ 1923ರಲ್ಲಿ ‘ವಚನಶಾಸ್ತ್ರಸಾರ’ವನ್ನು ಪ್ರಕಟಿಸಿದರು. 1993ರಲ್ಲಿ ಕರ್ನಾಟಕ ಸರ್ಕಾರವು ಹದಿನೈದು ಸಮಗ್ರ ವಚನ ಸಂಪುಟಗಳನ್ನು ಹೊರತಂದಿತು. ಈ ಮಾರ್ಗದಲ್ಲಿ ನಡೆದವರೆಲ್ಲರೂ ಎದುರಿಸಿದ ಪ್ರಶ್ನೆ ಒಂದೇ: ಈ ವಚನ ಇವರದೇ ಎಂಬುದಕ್ಕೆ ಪ್ರಮಾಣವೇನು? ಅಂಕಿತವು ಮೊದಲ ಪ್ರಮಾಣವೇನೋ ನಿಜ. ಆದರೆ ಅಂಕಿತವನ್ನು ನಂತರದವರು ಬಳಸಬಹುದು. ಲಿಪಿಕಾರನ ಕೈತಪ್ಪಿನಿಂದ ಅದು ಬದಲಾಗಲೂಬಹುದು. ಆಗ ಪ್ರತಿಗಳ ಸಾಕ್ಷ್ಯವನ್ನು ನೋಡಬೇಕಾಗುತ್ತದೆ. ಇಲ್ಲಿ ಸಂಪಾದಕನು ಮರೆಯಬಾರದ ನಿಯಮವೊಂದಿದೆ. ಒಂದೇ ಮಾತೃಪ್ರತಿಯಿಂದ ನಕಲಾದ ಹತ್ತು ಓಲೆಕಟ್ಟುಗಳು ಹತ್ತು ಸಾಕ್ಷಿಗಳಲ್ಲ, ಒಂದೇ ಸಾಕ್ಷಿ. ಬೇರೆ ಮೂಲದಿಂದ ಬಂದ ಒಂದು ಹರಕು ಪ್ರತಿಯ ಮಾತು ಆ ಹತ್ತಕ್ಕೂ ಸಮನಾಗಿ ನಿಲ್ಲಬಲ್ಲದು. ಎಣಿಸಿದರೆ ಸಾಲದು, ಎಣಿಕೆಗೆ ಬಂದ ಪ್ರತಿಗಳ ಪರಸ್ಪರ ಬಾಂಧವ್ಯವನ್ನೂ ಅರಿಯಬೇಕು. ಈ ನಿಯಮವನ್ನು ವಾಚಕರು ನೆನಪಿನಲ್ಲಿಟ್ಟುಕೊಳ್ಳಬೇಕಾಗಿ ವಿನಂತಿ. ಕುರಿಯ ವಿಚಾರದಲ್ಲಿ ಇದೇ ಮತ್ತೆ ಬರಲಿದೆ.

ಮೂರನೆಯದು ನೀರು. ಮಳವಳ್ಳಿ ತಾಲ್ಲೂಕಿನ ಶಿವನಸಮುದ್ರದಲ್ಲಿ 1902ರಿಂದ ವಿದ್ಯುತ್ತನ್ನು ಕೊಡುತ್ತಿರುವ ಕಾವೇರಿಯು ಮುಂದೆ ಹರಿದು ಬಿಳಿಗುಂಡ್ಲುವಿನ ಮಾಪನಕೇಂದ್ರವನ್ನು ಸೇರುತ್ತದೆ. ನದಿಯನ್ನು ಕೊಳಗದಲ್ಲಿ ಅಳೆಯಲಾಗದು. ಅದರ ಅಡ್ಡಕೊಯ್ತದ ವಿಸ್ತಾರವನ್ನು ಭಾಗಭಾಗವಾಗಿ ಕಂಡುಕೊಂಡು, ಪ್ರತಿ ಭಾಗದಲ್ಲಿಯೂ ನೀರಿನ ವೇಗವನ್ನು ಅಳೆದು, ಎರಡನ್ನೂ ಗುಣಿಸಿ ಕೂಡಿಸುವುದು ಕ್ರಮ. ಮೇಲ್ಮೈಯಲ್ಲಿ ವೇಗ ಹೆಚ್ಚು, ತಳದಲ್ಲಿ ಕಡಿಮೆ. ಆದಕಾರಣ ಒಂದೇ ಕಡೆ ಅಳೆಯುವುದಾದರೆ ಮೇಲಿನಿಂದ ಆಳದ ಹತ್ತರಲ್ಲಿ ಆರು ಪಾಲು ಇಳಿದು ಅಳೆಯುತ್ತಾರೆ. ಸರ್ವೋಚ್ಚ ನ್ಯಾಯಾಲಯವು 2018ರ ಫೆಬ್ರವರಿ 16ರಂದು, ಸಾಧಾರಣ ಮಳೆಯ ವರ್ಷದಲ್ಲಿ 177.25 ಟಿ.ಎಂ.ಸಿ. ನೀರು ತಮಿಳುನಾಡಿಗೆ ಸಲ್ಲಬೇಕೆಂದು ತೀರ್ಪಿತ್ತಾಗ, ಅದನ್ನು ಅಳೆಯುವ ಸ್ಥಳ ಬಿಳಿಗುಂಡ್ಲು ಎಂಬುದನ್ನೂ ಹೇಳಬೇಕಾಯಿತು. ಸ್ಥಳವನ್ನು ಹೇಳದೆ ಅಂಕಿಯನ್ನಷ್ಟೇ ಹೇಳಿದ್ದರೆ ಆ ತೀರ್ಪಿಗೆ ಅರ್ಥವೇ ಇರುತ್ತಿರಲಿಲ್ಲ.

ಇನ್ನು ಬಂಡೂರಿನ ಕುರಿ. ನೆರೆಯ ತಿರುಮಕೂಡಲು ನರಸೀಪುರ ತಾಲ್ಲೂಕಿನ ಬನ್ನೂರಿನ ಹೆಸರಿನಿಂದ ಪೇಟೆಯಲ್ಲಿ ಇದನ್ನು ಬನ್ನೂರು ಕುರಿಯೆಂದು ಕರೆಯುವುದುಂಟು. ಪಶುವಿಜ್ಞಾನದ ಗ್ರಂಥಗಳಲ್ಲಿ ಮಂಡ್ಯ ತಳಿಯೆಂಬ ಹೆಸರಿದೆ. ಗಿಡ್ಡ ಕಾಲು, ಗಟ್ಟಿಮುಟ್ಟಾದ ಮೈ, ಬಿಳಿಯ ಬಣ್ಣ, ಜೋಲುಕಿವಿ, ಕೊಂಬಿಲ್ಲದ ತಲೆ, ಹಿಂದಿನಿಂದ ನೋಡಿದರೆ ತಲೆಕೆಳಗಾದ ಲಾಳದ ಆಕಾರದ ತೊಡೆಗಳು: ಇವು ಅದರ ಲಕ್ಷಣಗಳು. ಬೆಳೆದ ಟಗರು ಸುಮಾರು 35 ಕಿಲೋ, ಹೆಣ್ಣುಕುರಿ ಸುಮಾರು 24 ಕಿಲೋ ತೂಗುತ್ತದೆ.

ಈ ಒಂದೇ ಪ್ರಾಣಿಗೆ ಬೇರೆ ಬೇರೆ ಕಾಲಗಳ ಅಳತೆಗಳು ಬೇರೆ ಬೇರೆ ಬೆಲೆಯನ್ನು ಕಟ್ಟುತ್ತವೆ. 1834ರಿಂದ 1861ರವರೆಗೆ ಮೈಸೂರಿನ ಕಮಿಷನರಾಗಿದ್ದ ಮಾರ್ಕ್ ಕಬ್ಬನ್ನರ ಆಡಳಿತದಲ್ಲಿ ಮೆರಿನೊ ಟಗರುಗಳನ್ನು ಹೊರಗಿನಿಂದ ತರಿಸಿ ಇಲ್ಲಿಯ ಕುರಿಗಳನ್ನು ಸುಧಾರಿಸುವ ಪ್ರಯತ್ನ ನಡೆಯಿತು. ಅಂದಿನ ಮಾನದಂಡ ಉಣ್ಣೆ. ಮೆರಿನೊ ಉಣ್ಣೆಯ ಎಳೆ ಸಾಮಾನ್ಯವಾಗಿ 24 ಮೈಕ್ರಾನಿಗಿಂತ ಸಣ್ಣದು. ಬಂಡೂರಿನ ಕುರಿಯದು ಒರಟು ಕೂದಲು. ಆ ಅಳತೆಯಲ್ಲಿ ಇದು ಕನಿಷ್ಠ. ದೇಹದ ಎತ್ತರ, ತೂಕಗಳನ್ನೇ ಮಾನದಂಡವೆಂದರೆ ನೆಲ್ಲೂರಿನಂತಹ ಎತ್ತರದ ತಳಿಯ ಮುಂದೆ ಇದು ಕಿರಿದು. ಮಾಂಸದ ಗುಣವನ್ನೂ, ಅದರಲ್ಲಿ ಕೊಬ್ಬು ಸಮನಾಗಿ ಹರಡಿರುವುದನ್ನೂ ನೋಡುವ ವ್ಯಾಪಾರಿಗೆ ಇದೇ ಶ್ರೇಷ್ಠ. ಮಾಂಸಾಹಾರದ ಯುಕ್ತಾಯುಕ್ತತೆ ಇಲ್ಲಿಯ ವಿಷಯವಲ್ಲ. ಸಾಕುವವರ ಬದುಕು ಇದರಿಂದ ನಡೆಯುತ್ತದೆಂಬುದು ಪ್ರಸ್ತುತ. ಪ್ರಮೇಯ ಒಂದೇ, ಪ್ರಮಾಣ ಮೂರು, ಪ್ರಮಿತಿಯೂ ಮೂರು.

ಸಾಕುವವರಲ್ಲಿಯೂ ಅವರದೇ ಆದ ಅಳತೆಗಳಿವೆ. ಹಲ್ಲು ನೋಡಿ ವಯಸ್ಸನ್ನು ಹೇಳುತ್ತಾರೆ: ಎರಡು ದೊಡ್ಡ ಹಲ್ಲು ಮೂಡಿದ್ದರೆ ವರ್ಷದಿಂದ ಒಂದೂವರೆ ವರ್ಷ, ನಾಲ್ಕಾದರೆ ಸುಮಾರು ಎರಡು. ಬೆನ್ನುಮೂಳೆಯ ಬದಿಯನ್ನು ಬೆರಳಿನಿಂದ ಒತ್ತಿ ಪುಷ್ಟಿಯನ್ನು ಅರಿಯುತ್ತಾರೆ. ಇದನ್ನು ಕೈವಾಡಿಕೆಯ ಮಾತೆಂದು ತಳ್ಳಿಹಾಕಲಾಗದು. 1960ರ ದಶಕದಲ್ಲಿ ಆಸ್ಟ್ರೇಲಿಯ ಮತ್ತು ಸ್ಕಾಟ್ಲೆಂಡಿನ ವಿಜ್ಞಾನಿಗಳು ಇದೇ ಒತ್ತಿ ನೋಡುವ ಕ್ರಮಕ್ಕೆ ಸೊನ್ನೆಯಿಂದ ಐದರವರೆಗೆ ಅಂಕಗಳನ್ನು ಗೊತ್ತುಪಡಿಸಿ ಶಾಸ್ತ್ರಕ್ಕೆ ಸೇರಿಸಿದರು. ತಕ್ಕಡಿಯಿಲ್ಲದ ಕಡೆ ದಾರದಿಂದಲೂ ತೂಕವನ್ನು ಅಂದಾಜು ಮಾಡಬಹುದು. ಎದೆಯ ಸುತ್ತಳತೆಯ ವರ್ಗವನ್ನು ಮೈಯ ಉದ್ದದಿಂದ ಗುಣಿಸಿ, ಅಂಗುಲಗಳ ಲೆಕ್ಕದಲ್ಲಿ, 300ರಿಂದ ಭಾಗಿಸಿದರೆ ಪೌಂಡುಗಳು ಬರುತ್ತವೆ. ಸುತ್ತಳತೆ 28, ಉದ್ದ 25 ಅಂಗುಲವಿದ್ದರೆ ಸುಮಾರು 65 ಪೌಂಡು, ಎಂದರೆ ಮೂವತ್ತು ಕಿಲೋಗೆ ಸ್ವಲ್ಪ ಕಡಿಮೆ. ಆದರೆ ಈ ಸೂತ್ರ ಮೂಲತಃ ದನಗಳಿಗಾಗಿ ಬಳಕೆಗೆ ಬಂದುದು. ಗಿಡ್ಡಗಾಲಿನ ಈ ತಳಿಗೆ ಅದನ್ನು ಹಚ್ಚುವ ಮೊದಲು ಕೆಲವನ್ನಾದರೂ ತಕ್ಕಡಿಯಲ್ಲಿಟ್ಟು ತಾಳೆ ನೋಡಬೇಕು.

ಹೀಗೆ ಒಂದೊಂದು ಕುರಿಯನ್ನು ಅಳೆಯಬಹುದು; ತಳಿಯನ್ನು ಅಳೆಯುವುದು ಹೇಗೆ? ಭಾರತದಲ್ಲಿ 1919–20ರಿಂದ ಜಾನುವಾರು ಗಣತಿ ನಡೆಯುತ್ತಿದ್ದು 2019ರಲ್ಲಿ ಇಪ್ಪತ್ತನೆಯದು ಜರುಗಿತು. ಗಣತಿಯು ತಲೆಗಳನ್ನು ಎಣಿಸುತ್ತದೆ. ಆದರೆ 1931ರಲ್ಲಿ ಅಮೆರಿಕದ ತಳಿವಿಜ್ಞಾನಿ ಸೀವಾಲ್ ರೈಟ್ ತೋರಿಸಿದ ಪ್ರಕಾರ, ತಳಿಯ ನಿಜವಾದ ಬಲವಿರುವುದು ಒಟ್ಟು ತಲೆಗಳಲ್ಲಲ್ಲ. ಸಂತಾನಕ್ಕೆ ಬಳಕೆಯಾಗುವ ಗಂಡುಗಳನ್ನೂ ಹೆಣ್ಣುಗಳನ್ನೂ ಗುಣಿಸಿ, ನಾಲ್ಕರಿಂದ ಹೆಚ್ಚಿಸಿ, ಅವುಗಳ ಮೊತ್ತದಿಂದ ಭಾಗಿಸಬೇಕು. ಹತ್ತು ಟಗರು, 190 ಹೆಣ್ಣುಕುರಿಗಳಿರುವ ಇನ್ನೂರರ ಮಂದೆ ಈ ಲೆಕ್ಕದಲ್ಲಿ 38 ಮಾತ್ರ. ಅದೇ ಇನ್ನೂರರಲ್ಲಿ ಐವತ್ತು ಟಗರುಗಳಿದ್ದರೆ 150. ಈ ಸಂಖ್ಯೆ 50ಕ್ಕಿಂತ ಕೆಳಗಿಳಿಯಬಾರದೆಂದು ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆಯು ಸೂಚಿಸಿದೆ. ಇಳಿದರೆ ಪೀಳಿಗೆಯಿಂದ ಪೀಳಿಗೆಗೆ ಒಳಸಂತಾನದ ದೋಷ ಏರುತ್ತದೆ. ಒಂದೇ ಮಾತೃಪ್ರತಿಯ ಹತ್ತು ನಕಲುಗಳು ಒಂದೇ ಸಾಕ್ಷಿಯೆಂಬ ಸಂಪಾದಕರ ನಿಯಮವೇ ಇಲ್ಲಿಯೂ ಕೆಲಸಮಾಡುತ್ತಿರುವುದನ್ನು ವಾಚಕರು ಗಮನಿಸಬಹುದು.

ಬಂಡೂರಿನ ವಿಷಯದಲ್ಲಿ ಇದು ಪುಸ್ತಕದ ಲೆಕ್ಕವಾಗಿ ಉಳಿಯುವುದಿಲ್ಲ. ಬಕ್ರೀದಿನ ಕಾಲದಲ್ಲಿ ಲಕ್ಷಣವಂತ ಟಗರಿಗೆ ಒಳ್ಳೆಯ ಬೆಲೆ ಬರುವುದರಿಂದ, ತಳಿಗೆ ನಿಲ್ಲಬೇಕಾದ ಟಗರೇ ಮೊದಲು ಮಾರಾಟವಾಗುತ್ತದೆ. ಬೇಗ ತೂಕ ಬರಲೆಂದು ದೊಡ್ಡ ತಳಿಯ ಟಗರನ್ನು ಬಿಟ್ಟರೆ ಮರಿಯ ತೂಕ ಹೆಚ್ಚುತ್ತದೆ, ಲಾಳದ ಆಕಾರ ಮಾಯವಾಗುತ್ತದೆ. ತೂಕದ ಪಟ್ಟಿಯಲ್ಲಿ ಅದು ಪ್ರಗತಿ. ತಳಿಯ ಪಟ್ಟಿಯಲ್ಲಿ ನಷ್ಟ. ಮಾರುವ ರೈತನನ್ನು ದೂಷಿಸಲಾಗದು. ಅವನ ಮುಂದೆ ಇಟ್ಟಿರುವ ಅಳತೆಯೇ ಅಂತಹುದು.

ಮಳವಳ್ಳಿ ತಾಲ್ಲೂಕಿನ ಧನಗೂರಿನಲ್ಲಿ ಕುರಿ ಸಂವರ್ಧನಾ ಕೇಂದ್ರವಿದೆ. ಹರಿಯಾಣದ ಕರ್ನಾಲಿನ ರಾಷ್ಟ್ರೀಯ ಪಶು ಆನುವಂಶಿಕ ಸಂಪನ್ಮೂಲ ಸಂಸ್ಥೆಯು ಮಂಡ್ಯ ಕುರಿಯನ್ನು ಪ್ರತ್ಯೇಕ ತಳಿಯಾಗಿ ದಾಖಲಿಸಿದೆ. ಇವುಗಳ ಕಾರ್ಯವು ಹಳ್ಳಿಯ ಮಂದೆಯವರೆಗೆ ವಿಸ್ತರಿಸಬೇಕಾದರೆ ಸಾಕುವವರ ಕೈಯಲ್ಲಿ ಒಂದು ಪುಸ್ತಕವಿರಬೇಕು. ಮರಿ ಹುಟ್ಟಿದ ದಿನ, ತಾಯಿ, ತಂದೆ ಟಗರು, ಆ ಟಗರು ಬಂದ ಮಂದೆ, ಇಷ್ಟನ್ನು ಬರೆದಿಟ್ಟರೂ ಸಾಕು. ಊರೂರಿನ ಪುಸ್ತಕಗಳನ್ನು ತಾಳೆ ನೋಡಿ ಎಷ್ಟು ಟಗರುಗಳ ವಂಶ ಉಳಿದಿದೆಯೆಂದು ಎಣಿಸಬಹುದು. ಮುಂದಿನ ಗಣತಿಯಲ್ಲಿ ಬಂಡೂರು ಕುರಿಗಳ ತಲೆಯೆಣಿಕೆಯ ಜೊತೆಗೆ ಸಂತಾನಕ್ಕೆ ನಿಂತ ಟಗರುಗಳ ಸಂಖ್ಯೆಯನ್ನೂ ಬೇರೆಯಾಗಿ ನಮೂದಿಸಿದರೆ, ಈ ತಳಿಯ ಸ್ಥಿತಿ ಸರ್ಕಾರಕ್ಕೂ ಸಾಕುವವರಿಗೂ ಯಥಾರ್ಥವಾಗಿ ತಿಳಿಯುವುದು.